ಕೈಬಿಟ್ಟ ವಸ್ತುವಿನ ಹೊಣೆ ಯಾರದು?

ಓದುಗರೇ, ನಿಮ್ಮ ಮನೆಯ ಅಟ್ಟವನ್ನೋ ಕಪಾಟಿನ ಕೆಳಗಿನ ಖಾನೆಯನ್ನೋ ಒಮ್ಮೆ ತೆರೆದು ನೋಡಿ. ಗಲ್ಫಿನಿಂದ ಯಾರೋ ತಂದಿದ್ದ ಟೇಪ್ ರೆಕಾರ್ಡರ್, ಪರದೆ ಕೆಟ್ಟ ಹಳೆಯ ಟಿ.ವಿ., ಮೋಟಾರು ಸುಟ್ಟ ಮಿಕ್ಸಿ, ತಂತಿ ಹರಿದ ಚಾರ್ಜರುಗಳು, ಮಕ್ಕಳು ಬದಲಾಯಿಸಿದ ಮೊಬೈಲುಗಳು - ಇವುಗಳಲ್ಲಿ ಒಂದೆರಡಾದರೂ ಅಲ್ಲಿರುತ್ತವೆ. ಹಬ್ಬಕ್ಕೆ ಮುನ್ನ ಮನೆ ಗುಡಿಸಿ ಒರೆಸುವಾಗ ಅವು ಹೊರಗೆ ಬರುತ್ತವೆ. ಗುಜರಿಯವನ ಕೂಗು ಕೇಳಿದಾಗ ತೂಕಕ್ಕೆ ಹಾಕುತ್ತೇವೆ. ಕೈಗೆ ನಾಲ್ಕು ಕಾಸು ಬರುತ್ತದೆ, ಮನೆಯಲ್ಲಿ ಜಾಗವಾಗುತ್ತದೆ. ಅಲ್ಲಿಗೆ ಆ ವಸ್ತುವಿನೊಂದಿಗೆ ನಮ್ಮ ಸಂಬಂಧ ಮುಗಿಯಿತೆಂದು ತಿಳಿಯುತ್ತೇವೆ.

ನಿಜವಾಗಿಯೂ ಮುಗಿಯಿತೇ? ಒಂದು ವಸ್ತು ನಮ್ಮ ಕೈಯಲ್ಲಿರುವಾಗ ಅದು ನಮ್ಮಲ್ಲಿರುವ ಅಮಾನತು ಎಂದು ಒಪ್ಪುತ್ತೇವೆ. ಅದನ್ನು ದುಂದು ಮಾಡಬಾರದು, ಅದರಿಂದ ನೆರೆಯವನಿಗೆ ತೊಂದರೆಯಾಗಬಾರದು ಎಂದು ಮಕ್ಕಳಿಗೂ ಹೇಳಿಕೊಡುತ್ತೇವೆ. ಆದರೆ ಹೊಸ್ತಿಲು ದಾಟಿದ ಮೇಲೆ ಅದು ಇನ್ನೊಬ್ಬನಿಗೆ ಕೆಡುಕನ್ನುಂಟುಮಾಡಿದರೆ ಅದರಲ್ಲಿ ನಮಗೂ ಪಾಲಿದೆಯೇ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಅದನ್ನು ಇಂದು ಒಂದು ತೀರಾ ಸಾಮಾನ್ಯ ವಸ್ತುವಿನ ಮೂಲಕ ಕೇಳಿ ನೋಡೋಣ. ಆ ವಸ್ತು, ನಮ್ಮ ಹಳೆಯ ಯಂತ್ರಗಳ ಪ್ಲಾಸ್ಟಿಕ್ ಕವಚ.

ಲೋಹಕ್ಕೆ ಬೆಲೆ, ಪ್ಲಾಸ್ಟಿಕಿಗೆ ಬೆಂಕಿ

ಗುಜರಿಯ ಗಾಡಿಯಿಂದ ಮುಂದಕ್ಕೆ ಈ ಸರಕಿನ ಪ್ರಯಾಣ ಉದ್ದವಾದುದು. ಬೆಂಗಳೂರಿನಲ್ಲಾದರೆ ಅದರ ಬಹುಭಾಗ ಗೌರಿಪಾಳ್ಯ, ನಾಯಂಡಹಳ್ಳಿಯಂತಹ ಕಡೆಯ ಸಣ್ಣ ಸಣ್ಣ ಶೆಡ್ಡುಗಳನ್ನು ಸೇರುತ್ತಾ ಬಂದಿದೆ. ಉತ್ತರದಲ್ಲಿ ದೆಹಲಿಯ ಸೀಲಂಪುರ ಇದಕ್ಕೆ ಹೆಸರಾದ ಜಾಗ. ಹಿತ್ತಾಳೆಯ ಪಾತ್ರೆಗಳಿಗೆ ಖ್ಯಾತವಾದ ಮುರಾದಾಬಾದ್, ಸರ್ಕ್ಯೂಟ್ ಬೋರ್ಡುಗಳಿಂದ ಲೋಹ ತೆಗೆಯುವ ಕೆಲಸಕ್ಕೂ ಹೆಸರಾಯಿತು. ಈ ಮೊಹಲ್ಲಾಗಳಲ್ಲಿ ದುಡಿಯುವವರಲ್ಲಿ ನಮ್ಮವರೇ ಬಹಳಷ್ಟಿದ್ದಾರೆ. ಆದ್ದರಿಂದ ಇದು ದೂರದ ಯಾರದೋ ಸುದ್ದಿಯಲ್ಲ.

ಅಲ್ಲಿ ಯಂತ್ರವನ್ನು ಒಡೆಯುತ್ತಾರೆ. ತಾಮ್ರ ಒಂದು ಕಡೆ, ಅಲ್ಯೂಮಿನಿಯಂ ಒಂದು ಕಡೆ, ಕಬ್ಬಿಣ ಮತ್ತೊಂದು ಕಡೆ. ಬೋರ್ಡಿನಲ್ಲಿರುವ ಚೂರು ಚಿನ್ನಕ್ಕಾಗಿ ಆಮ್ಲ ಸುರಿಯುತ್ತಾರೆ. ಕೊನೆಗೆ ಉಳಿಯುವುದು ಪ್ಲಾಸ್ಟಿಕ್. ಅದರಲ್ಲಿ ಒಳ್ಳೆಯದೆನಿಸಿದ್ದು ಪುಡಿಯಾಗಿ ಮತ್ತೆ ಕರಗುವ ಯಂತ್ರಕ್ಕೆ ಹೋಗುತ್ತದೆ. ಉಳಿದದ್ದು ಮೋರಿಗೆ, ಕಸದ ಗುಡ್ಡೆಗೆ, ಅಥವಾ ಬೆಂಕಿಗೆ. ತಂತಿಯೊಳಗಿನ ತಾಮ್ರ ಬೇಗ ಸಿಗಲೆಂದು ಮೇಲಿನ ಹೊದಿಕೆಯನ್ನು ಸುಡುವುದೂ ಇದೆ.

ಇದೇನು ಸಣ್ಣ ಪ್ರಮಾಣದ ಮಾತಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 6 ಕೋಟಿ 20 ಲಕ್ಷ ಟನ್ ಎಲೆಕ್ಟ್ರಾನಿಕ್ ಕಸ ಹುಟ್ಟಿತು. ಅದರಲ್ಲಿ ಸುಮಾರು 1 ಕೋಟಿ 70 ಲಕ್ಷ ಟನ್ ಪ್ಲಾಸ್ಟಿಕ್ ಇತ್ತು. ಒಟ್ಟು ಕಸದಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ.

ನಮ್ಮ ದೇಶದಲ್ಲಿ ಕಾನೂನು ಇಲ್ಲವೆಂದಲ್ಲ. 2012ರ ಮೇ ತಿಂಗಳಿನಿಂದ ಇ-ಕಸದ ನಿಯಮಗಳು ಜಾರಿಯಲ್ಲಿವೆ. 2022ರಲ್ಲಿ ರಚಿಸಿದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ತಯಾರಕನು ತಾನು ಮಾರಿದ ಸರಕಿನ ಅಂತ್ಯಕ್ಕೂ ಹೊಣೆಗಾರನು ಎಂಬ ಒಳ್ಳೆಯ ತತ್ವ ಅದರಲ್ಲಿದೆ. ಆದರೆ ಆ ಹೊಣೆ ತೀರಿತೆಂದು ತೋರಿಸುವ ಪ್ರಮಾಣಪತ್ರಗಳ ವ್ಯವಸ್ಥೆ ಆರಂಭವಾದಾಗ ಲೆಕ್ಕಕ್ಕೆ ಬಂದುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು ಲೋಹಗಳು. ಪ್ಲಾಸ್ಟಿಕ್ ಆ ಪಟ್ಟಿಯಲ್ಲಿರಲಿಲ್ಲ. ಗುಜರಿಯವನ ತಕ್ಕಡಿಗೂ ಸರಕಾರದ ಲೆಕ್ಕಪುಸ್ತಕಕ್ಕೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಬೆಲೆ ಬರುವುದನ್ನು ಎಲ್ಲರೂ ಎಣಿಸುತ್ತಾರೆ. ಕೆಡುಕು ಎಲ್ಲಿದೆಯೋ ಅದನ್ನು ಎಣಿಸುವವರು ಕಡಿಮೆ.

ರಕ್ಷಣೆಗೆಂದು ಬೆರೆಸಿದ ವಿಷ

ಟಿ.ವಿ., ಕಂಪ್ಯೂಟರುಗಳ ಕವಚಗಳು ಹೆಚ್ಚಾಗಿ ಎಬಿಎಸ್ ಅಥವಾ ಹಿಪ್ಸ್ ಎಂಬ ಜಾತಿಯ ಪ್ಲಾಸ್ಟಿಕಿನವು. ಇವೆರಡೂ ಸ್ಟೈರೀನ್ ಎಂಬ ಮೂಲದಿಂದ ಬಂದವು. ಇವು ಗಟ್ಟಿ, ನುಣುಪು, ಆದರೆ ಬೇಗ ಬೆಂಕಿ ಹಿಡಿಯುತ್ತವೆ. ಒಳಗೆ ಬಿಸಿಯಾಗುವ ಯಂತ್ರ, ಹೊರಗೆ ಉರಿಯುವ ಕವಚ, ಪಕ್ಕದಲ್ಲಿ ಪರದೆ ಬಟ್ಟೆ. ಅಪಾಯ ಎಷ್ಟೆಂದು ಹೇಳಬೇಕಾಗಿಲ್ಲ. ಅದಕ್ಕಾಗಿ ತಯಾರಕರು ಬ್ರೋಮಿನ್ ಇರುವ ಬೆಂಕಿ ನಿರೋಧಕ ರಾಸಾಯನಿಕಗಳನ್ನು ಪ್ಲಾಸ್ಟಿಕಿನಲ್ಲಿ ಬೆರೆಸಿದರು. ಉದ್ದೇಶ ಕೆಟ್ಟದ್ದಲ್ಲ, ಮನೆಯನ್ನೂ ಜೀವವನ್ನೂ ಕಾಪಾಡುವುದೇ ಆಗಿತ್ತು.

ಕಾಲಾಂತರದಲ್ಲಿ ಈ ರಾಸಾಯನಿಕಗಳಲ್ಲಿ ಕೆಲವು ನಾಶವಾಗದೆ ಮಣ್ಣು ನೀರಿನಲ್ಲಿ ಉಳಿಯುತ್ತವೆ, ಜೀವಿಗಳ ಕೊಬ್ಬಿನಲ್ಲಿ ಸಂಗ್ರಹವಾಗುತ್ತವೆ, ತಾಯಿಯ ಹಾಲಿನಲ್ಲಿಯೂ ಕಾಣಿಸಿಕೊಳ್ಳುತ್ತವೆ ಎಂದು ತಿಳಿದುಬಂತು. ಅವುಗಳಿರುವ ಪ್ಲಾಸ್ಟಿಕನ್ನು ಬಯಲಿನಲ್ಲಿ ಸುಟ್ಟರೆ ಡಯಾಕ್ಸಿನ್ ಜಾತಿಯ ಇನ್ನೂ ಘೋರವಾದ ವಿಷಗಳು ಹುಟ್ಟುತ್ತವೆ. ಸ್ಟಾಕ್‌ಹೋಮ್ ಒಪ್ಪಂದದಡಿ 2009ರಲ್ಲಿ ಇವುಗಳ ಕೆಲವು ಬಗೆಗಳನ್ನೂ 2017ರಲ್ಲಿ ಡೆಕಾ ಎಂಬ ಬಗೆಯನ್ನೂ ತೊಡೆದುಹಾಕಬೇಕಾದವುಗಳ ಪಟ್ಟಿಗೆ ಸೇರಿಸಲಾಯಿತು. ಹೊಸ ಉಪಕರಣಗಳಲ್ಲಿ ಇವುಗಳ ಪ್ರಮಾಣಕ್ಕೆ ಯುರೋಪಿನಲ್ಲಿ 2006ರಲ್ಲಿ, ನಮ್ಮಲ್ಲಿ 2014ರಲ್ಲಿ ಮಿತಿ ಹಾಕಲಾಯಿತು. ಆದರೆ ಅದಕ್ಕೆ ಮೊದಲೇ ಮನೆ ಸೇರಿದ್ದ ಯಂತ್ರಗಳು? ಅವೇ ಈಗ ಅಟ್ಟದಿಂದ ಇಳಿದು ಗುಜರಿಯ ಗಾಡಿ ಹತ್ತುತ್ತಿರುವುದು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಮ್ಮ ಮನೆಗೆ ಬೆಂಕಿ ತಗಲದಿರಲೆಂದು ಬೆರೆಸಿದ ವಸ್ತು ಇನ್ನೊಬ್ಬನ ಮನೆಯಂಗಳದಲ್ಲಿ ಹೊಗೆಯಾಗುತ್ತದೆ. ರಕ್ಷಣೆ ನಮಗೆ ದೊರೆಯಿತು, ಬೆಲೆಯನ್ನು ಆತನು ತೆರುತ್ತಿದ್ದಾನೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವರದಿಯು ಇಂತಹ ಜಾಗಗಳಲ್ಲಿ ದುಡಿಯುವ ಮಕ್ಕಳ ಮತ್ತು ಗರ್ಭಿಣಿಯರ ಬಗ್ಗೆ ವಿಶೇಷವಾಗಿ ಎಚ್ಚರಿಸಿತು. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ಒಂದು ದಾನವೆಂದು ಕೇಳಿ ಬೆಳೆದವರು ನಾವು. ನಮ್ಮ ದಾರಿಯ ಮುಳ್ಳನ್ನೆತ್ತಿ ಇನ್ನೊಬ್ಬನ ದಾರಿಗೆ ಹಾಕಿದರೆ ಅದನ್ನು ಯಾವ ಲೆಕ್ಕಕ್ಕೆ ಬರೆಯೋಣ?

ಬೆರೆಯದವುಗಳನ್ನು ಬೆಸೆಯುವ ವಿದ್ಯೆ

ಹಾಗಾದರೆ ಈ ಪ್ಲಾಸ್ಟಿಕನ್ನು ಕರಗಿಸಿ ಹೊಸ ವಸ್ತು ಮಾಡಿದರೆ ಸಮಸ್ಯೆ ಪರಿಹಾರವಾಗುತ್ತದಲ್ಲವೇ ಎಂದು ನೀವು ಕೇಳಬಹುದು. ಮಾಡಲು ಸಾಧ್ಯವಿದೆ. ಆದರೆ ಅದು ಬೆಲ್ಲ ಕರಗಿಸಿದಷ್ಟು ಸುಲಭವಲ್ಲ.

ಟಿ.ವಿ.ಯ ಹಿಂಬದಿಯ ಹಿಪ್ಸ್ ಮತ್ತು ಬಟ್ಟೆ ಒಗೆಯುವ ಯಂತ್ರದ ಪಾಲಿಪ್ರೊಪಿಲೀನ್ ತೊಟ್ಟಿ - ಇವೆರಡನ್ನೂ ಒಟ್ಟಿಗೆ ಕರಗಿಸಿದರೆ ಅವು ಎಣ್ಣೆ ನೀರಿನಂತೆ ಬೇರೆ ಬೇರೆಯಾಗಿಯೇ ಇರುತ್ತವೆ. ತಣಿದ ಮೇಲೆ ಒಂದೇ ಹಲಗೆಯಂತೆ ಕಂಡರೂ ಒಳಗೆ ಅಂಟು ಇರುವುದಿಲ್ಲ. ಒಂದು ಪೆಟ್ಟಿಗೆ ಒಡೆಯುತ್ತದೆ. ಮೇಲಾಗಿ ಹಳೆಯ ಎಬಿಎಸ್ ಬಿಸಿಲು ಗಾಳಿಗೆ ಮುದಿಯಾಗಿರುತ್ತದೆ. ಅದರೊಳಗಿನ ರಬ್ಬರಿನ ಅಂಶ ಕೆಟ್ಟು, ಪೆಟ್ಟು ತಾಳುವ ಶಕ್ತಿ ಕುಂದಿರುತ್ತದೆ.

ಇದಕ್ಕೆ ರಸಾಯನ ಶಾಸ್ತ್ರಜ್ಞರು ಬ್ಲಾಕ್ ಕೋಪಾಲಿಮರ್ ಎಂಬ ಒಂದು ಜಾತಿಯ ವಸ್ತುವನ್ನು ಬಳಸುತ್ತಾರೆ. ಪ್ಲಾಸ್ಟಿಕ್ ಎಂದರೆ ಉದ್ದುದ್ದವಾದ ಅಣುಗಳ ಸರಪಳಿ. ಈ ವಸ್ತುವಿನಲ್ಲಿ ಒಂದೇ ಸರಪಳಿಯ ಬೇರೆ ಬೇರೆ ತುಂಡುಗಳಿಗೆ ಬೇರೆ ಬೇರೆ ಸ್ವಭಾವ ಇರುತ್ತದೆ. ಎಸ್‌ಇಬಿಎಸ್ ಎಂಬ ಹೆಸರಿನದನ್ನು ನೋಡಿ. ಅದರ ಎರಡು ತುದಿಗಳು ಸ್ಟೈರೀನಿನವು, ನಡುವಿನ ಭಾಗ ಮೆತ್ತಗಿನ ರಬ್ಬರಿನಂತಹದು. ತುದಿಗಳು ಹಿಪ್ಸ್‌ನೊಂದಿಗೆ ಸೇರಿಕೊಳ್ಳುತ್ತವೆ, ನಡುಭಾಗ ಪಾಲಿಪ್ರೊಪಿಲೀನಿನೊಂದಿಗೆ ಹೊಂದಿಕೊಳ್ಳುತ್ತದೆ. ಎರಡೂ ಮನೆಗಳಿಗೆ ಬೇಕಾದ ನೆಂಟನು ನಡುವೆ ಕುಳಿತು ಕೈ ಹಿಡಿಸಿದಂತೆ ಅದು ಎರಡನ್ನೂ ಬೆಸೆಯುತ್ತದೆ. ಇಂತಹ ಸರಪಳಿಗಳನ್ನು ಬೇಕಾದಂತೆ ಕಟ್ಟುವ ದಾರಿಯನ್ನು 1956ರಲ್ಲಿ ಮೈಕೆಲ್ ಶ್ವಾರ್ಟ್ಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಇಂದು ಪಾದರಕ್ಷೆಯ ಅಟ್ಟೆಯಲ್ಲಿ, ರಸ್ತೆಯ ಡಾಂಬರಿನಲ್ಲಿ ಕೂಡ ಈ ಕುಟುಂಬದ ವಸ್ತುಗಳಿವೆ.

ಹೀಗೆ ಬೆಸೆದ ಮಿಶ್ರಣಕ್ಕೆ ಗಾಜಿನ ನಾರನ್ನು ಸೇರಿಸಿದರೆ, ಕಾಂಕ್ರೀಟಿಗೆ ಕಬ್ಬಿಣದ ಸರಳು ಕೊಟ್ಟಂತೆ, ಅದಕ್ಕೆ ಬಿಗಿತ ಬರುತ್ತದೆ. ಕೋಪಾಲಿಮರ್ ಪೆಟ್ಟು ತಾಳುತ್ತದೆ, ನಾರು ಭಾರ ಹೊರುತ್ತದೆ. ಸರಕು ಇಡುವ ಹಲಗೆ, ವಿದ್ಯುತ್ ತಂತಿ ಹಾಯಿಸುವ ತೊಟ್ಟಿ, ಬೇಲಿಯ ಕಂಬ ಇಂತಹವನ್ನು ಇದರಿಂದ ಮಾಡಬಹುದು. ಮೋರಿಯಲ್ಲಿ ಸೇರಬೇಕಾಗಿದ್ದ ವಸ್ತು ಮತ್ತೆ ಹಲವು ವರ್ಷ ಮನುಷ್ಯನ ಸೇವೆ ಮಾಡುತ್ತದೆ. ಇದು ಸಣ್ಣ ಕೆಲಸವಲ್ಲ.

ಗಟ್ಟಿಯಾದ ಮಾತ್ರಕ್ಕೆ ಶುದ್ಧವಾಯಿತೇ?

ಆದರೆ ಓದುಗರೇ, ಲೇಖನದ ಮುಖ್ಯ ಮಾತು ಇಲ್ಲಿದೆ. ಬೆಸುಗೆ ಎಷ್ಟೇ ಗಟ್ಟಿಯಾಗಿರಲಿ, ಒಳಗಿನ ವಿಷವನ್ನು ಅದು ತೆಗೆಯುವುದಿಲ್ಲ. ಅದನ್ನು ಒಳಗೇ ಭದ್ರಪಡಿಸುತ್ತದೆ. ಒಮ್ಮೆ ನಾರು, ಕೋಪಾಲಿಮರ್, ಹಳೆಯ ಪ್ಲಾಸ್ಟಿಕ್ ಎಲ್ಲವೂ ಒಂದಾದ ಮೇಲೆ ಅವನ್ನು ಬೇರ್ಪಡಿಸುವುದು ಬಹಳ ಕಷ್ಟ. ಆದ್ದರಿಂದ ಕ್ರಮ ಮುಖ್ಯ. ಮೊದಲು ವಿಂಗಡಣೆ, ಆಮೇಲೆ ಬೆಸುಗೆ. ಜಗಳವಾಡಿದ ಇಬ್ಬರ ನಡುವೆ ರಾಜಿ ಮಾಡಿಸುವವನು ಒಬ್ಬನು ಮಾಡಿದ ಅನ್ಯಾಯವನ್ನು ಸರಿಪಡಿಸದೆ ಕೈ ಕುಲುಕಿಸಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಆ ಅನ್ಯಾಯ ಮುಂದೊಂದು ದಿನ ಮಕ್ಕಳ ನಡುವೆ ಎದ್ದು ನಿಲ್ಲುತ್ತದೆ.

ಇಲ್ಲಿಯೂ ಅದು ಮಕ್ಕಳ ಕೈಗೇ ಬಂತು. 2017ರಲ್ಲಿ ಒಂದು ಅಂತರರಾಷ್ಟ್ರೀಯ ಸಂಘಟನೆಯು 26 ದೇಶಗಳಲ್ಲಿ ಬಣ್ಣದ ಚೌಕಗಳನ್ನು ತಿರುಗಿಸಿ ಆಡುವ ಕ್ಯೂಬಿನಂತಹ ಆಟಿಕೆಗಳನ್ನು ಕೊಂಡು ಪರೀಕ್ಷೆ ಮಾಡಿಸಿತು. ಬಹುಪಾಲು ಮಾದರಿಗಳಲ್ಲಿ ಹಳೆಯ ಎಲೆಕ್ಟ್ರಾನಿಕ್ ಕವಚಗಳ ಬೆಂಕಿ ನಿರೋಧಕಗಳು ಸಿಕ್ಕವು. ಆಟಿಕೆಗೆ ಬೆಂಕಿ ನಿರೋಧಕದ ಅಗತ್ಯವೇನು? ಯಾರೂ ಅದನ್ನು ಬೇಕೆಂದು ಹಾಕಿದ್ದಲ್ಲ. ಟಿ.ವಿ.ಯ ಕಪ್ಪು ಕವಚ ಪುಡಿಯಾಗಿ, ಕರಗಿ, ಮಾರಾಟವಾಗಿ, ಯಾರ ಗಮನಕ್ಕೂ ಬಾರದಂತೆ ಮಗುವಿನ ಕೈ ಸೇರಿತು.

ಈ ವಿಷಯದಲ್ಲಿ ಅತಿಶಯೋಕ್ತಿಯೂ ಸಲ್ಲದು. 2024ರಲ್ಲಿ ಅಮೆರಿಕದ ಒಂದು ಅಧ್ಯಯನವು ಕಪ್ಪು ಪ್ಲಾಸ್ಟಿಕಿನ ಸೌಟುಗಳಲ್ಲಿ ಇಂತಹ ರಾಸಾಯನಿಕಗಳಿವೆ ಎಂದಿತು. ಸುದ್ದಿ ಎಲ್ಲೆಡೆ ಹರಡಿ ಜನ ಗಾಬರಿಯಾದರು. ಆದರೆ ಅದರಲ್ಲಿ ಲೆಕ್ಕದ ತಪ್ಪಿತ್ತು. 7,000ವನ್ನು 60ರಿಂದ ಗುಣಿಸಿದಾಗ ಬರಬೇಕಾದ 4,20,000ದ ಬದಲು 42,000 ಎಂದು ಬರೆದಿದ್ದರು. ಹಾಗಾಗಿ ಮಿತಿಗೆ ಹತ್ತಿರವೆಂದು ತೋರಿದ ಪ್ರಮಾಣವು ನಿಜವಾಗಿ ಮಿತಿಯ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಾಗಿತ್ತು. ತಪ್ಪನ್ನು ಅವರು ತಿದ್ದಿ ಪ್ರಕಟಿಸಿದರು. ನಿಮ್ಮ ಅಡುಗೆಮನೆಯ ಸೌಟನ್ನು ಕಂಡು ಹೆದರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಡುಗೆಯ ಸಲಕರಣೆಗೆ ಟಿ.ವಿ.ಯ ಕವಚ ಬಂದು ಸೇರಿತೇಕೆ, ಕೊಳ್ಳುವವನಿಗೆ ಅದನ್ನು ಯಾರೂ ಹೇಳಲಿಲ್ಲವೇಕೆ ಎಂಬ ಪ್ರಶ್ನೆ ಲೆಕ್ಕ ತಿದ್ದಿದ ಮೇಲೂ ಉಳಿಯುತ್ತದೆ.

ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿದ್ದ ಘಟನೆಯನ್ನು ನೀವೆಲ್ಲರೂ ಕೇಳಿದ್ದೀರಿ. ಮಳೆಗೆ ನೆನೆದದ್ದು ವ್ಯಾಪಾರಿಯ ತಪ್ಪಾಗಿರಲಿಲ್ಲ. ಒದ್ದೆಯನ್ನು ಕೆಳಗಿಟ್ಟು ಒಣಗಿದ್ದನ್ನು ಮೇಲಿಟ್ಟದ್ದು ತಪ್ಪಾಗಿತ್ತು. ನೆನೆದ ಧಾನ್ಯವನ್ನು ಮಾರಲೇಬಾರದೆಂದು ಅಲ್ಲಿ ಹೇಳಲಾಗಲಿಲ್ಲ. ಅದನ್ನು ಜನರ ಕಣ್ಣಿಗೆ ಕಾಣುವಂತೆ ಮೇಲಿಡಬೇಕಿತ್ತೆಂದು ಹೇಳಲಾಯಿತು. ಮರುಬಳಕೆಯ ಇಡೀ ವ್ಯಾಪಾರಕ್ಕೆ ಇದಕ್ಕಿಂತ ಸರಳವಾದ ನಿಯಮ ಬೇಕಾಗಿಲ್ಲ.

ಬಡವನಿಗೆ ಅಗ್ಗದ ಸರಕು ಬೇಡವೇ?

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ‘ಇಷ್ಟು ಕಟ್ಟುನಿಟ್ಟು ಮಾಡಿದರೆ ಯಾರೂ ಮರುಬಳಕೆಗೆ ಮುಂದೆ ಬರುವುದಿಲ್ಲ. ಪ್ಲಾಸ್ಟಿಕೆಲ್ಲವೂ ಬೆಂಕಿಗೇ ಹೋಗುತ್ತದೆ. ಗುಜರಿಯ ಕೆಲಸಗಾರನ ಅನ್ನ ಹೋಗುತ್ತದೆ. ಬಡವನಿಗೆ ಅಗ್ಗದ ಸರಕು ಸಿಗುವುದಿಲ್ಲ. ದೊಡ್ಡ ಕೆಡುಕನ್ನು ತಪ್ಪಿಸಲು ಸಣ್ಣ ಕೆಡುಕನ್ನು ಸಹಿಸಬಾರದೇ?’ ಹೀಗೆ ವಾದಿಸುವವರು ಕೆಟ್ಟವರಲ್ಲ. ಸ್ಟಾಕ್‌ಹೋಮ್ ಒಪ್ಪಂದದಲ್ಲೇ 2009ರಲ್ಲಿ ಕೆಲವು ಬಗೆಗಳಿಗೆ ಮರುಬಳಕೆಯ ಹೆಸರಿನಲ್ಲಿ ಹೆಚ್ಚೆಂದರೆ 2030ರವರೆಗೆ ವಿನಾಯಿತಿ ಕೊಡಲಾಯಿತು.

ಈ ವಾದವನ್ನು ಒರೆಗೆ ಹಚ್ಚಲು ಒಂದೇ ಪ್ರಶ್ನೆ ಸಾಕು. ಆ ಸಣ್ಣ ಕೆಡುಕನ್ನು ಸಹಿಸುವವನು ಯಾರು? ನಿರ್ಧರಿಸುವವನೇ ಸಹಿಸುವುದಾದರೆ ಅದು ತಾಳ್ಮೆ. ಅಗ್ಗದ ಆಟಿಕೆ ಕೊಳ್ಳುವ ಬಡ ತಾಯಿಗೆ ತಿಳಿಸದೆ ಅವಳ ಮಗುವಿನ ಮೇಲೆ ಹೇರಿದರೆ ಅದಕ್ಕೆ ತಾಳ್ಮೆಯೆಂಬ ಹೆಸರು ಒಪ್ಪುವುದಿಲ್ಲ. ಬಡವನ ಹೆಸರು ಹೇಳಿ ಬಡವನಿಗೇ ಒದ್ದೆ ಧಾನ್ಯ ಮಾರಿದಂತಾಗುತ್ತದೆ.

ಮೇಲಾಗಿ, ವಿಂಗಡಿಸುವುದು ಅಸಾಧ್ಯವಾದ ಕೆಲಸವಲ್ಲ. ಬ್ರೋಮಿನ್ ಸೇರಿದ ಪ್ಲಾಸ್ಟಿಕ್ ಹೆಚ್ಚು ಭಾರವಾಗಿರುತ್ತದೆ. ನೀರಿಗೆ ತಕ್ಕಷ್ಟು ಉಪ್ಪು ಬೆರೆಸಿ ಅದರ ಸಾಂದ್ರತೆಯನ್ನು 1.08ರಿಂದ 1.1ಕ್ಕೆ ಏರಿಸಿದರೆ ಶುದ್ಧವಾದ ಎಬಿಎಸ್, ಹಿಪ್ಸ್ ಚೂರುಗಳು ತೇಲುತ್ತವೆ, ಬ್ರೋಮಿನ್ ಹೆಚ್ಚಿರುವವು ಮುಳುಗುತ್ತವೆ. ಮುಳುಗಿದ್ದೆಲ್ಲವೂ ವಿಷವಲ್ಲ, ಆದರೆ ವಿಷವಿರುವುದರ ಬಹುಭಾಗ ಅಲ್ಲಿರುತ್ತದೆ. ಬ್ರೋಮಿನ್ ಇದೆಯೇ ಎಂದು ಕೆಲವೇ ಕ್ಷಣಗಳಲ್ಲಿ ಹೇಳುವ, ಕೈಯಲ್ಲಿ ಹಿಡಿಯುವ ಕ್ಷಕಿರಣ ಯಂತ್ರಗಳೂ ಇವೆ. ಅವುಗಳ ಬೆಲೆ ಲಕ್ಷಗಟ್ಟಲೆ. ಶೆಡ್ಡಿನ ಒಬ್ಬ ಸಣ್ಣ ವ್ಯಾಪಾರಿಗೆ ಅದು ಎಟುಕದು, ಹತ್ತು ಮಂದಿ ಸೇರಿದರೆ ಎಟುಕಬಹುದು.

ಗುಜರಿಯ ಕೆಲಸಗಾರನನ್ನು ಕೀಳಾಗಿ ಕಾಣುವವರು ಇದನ್ನು ತಿಳಿಯಬೇಕು. ಚೂರೊಂದನ್ನು ಬಗ್ಗಿಸಿ, ನೆಲಕ್ಕೆ ಬಡಿದು ಸದ್ದು ಕೇಳಿ, ಒಂದು ತುದಿ ಸುಟ್ಟು ವಾಸನೆ ನೋಡಿ ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಆತನು ಹೇಳಬಲ್ಲನು. ಯಾವ ಕಾಲೇಜೂ ಕಲಿಸದ ವಿದ್ಯೆ ಅದು. ಆದರೆ ಆ ವಾಸನೆ ಪ್ರತಿದಿನವೂ ಆತನ ಎದೆಗೆ ಇಳಿಯುತ್ತದೆ. ಆತನ ವಿದ್ಯೆ ಉಳಿಯಬೇಕು, ಎದೆಯೂ ಉಳಿಯಬೇಕು. ಆತನ ಕೆಲಸ ಕಸಿದುಕೊಳ್ಳುವ ಪರಿಹಾರ ಪರಿಹಾರವಲ್ಲ. ಆತನನ್ನು ಉಪ್ಪುನೀರಿನ ತೊಟ್ಟಿಯ ಬಳಿ, ಗಾಳಿಯಾಡುವ ಜಾಗದಲ್ಲಿ, ಕೈಗವಸು ಕೊಟ್ಟು, ನ್ಯಾಯವಾದ ಕೂಲಿಗೆ ನಿಲ್ಲಿಸುವುದೇ ಪರಿಹಾರ. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ 2005ರಲ್ಲೇ ಇ-ಕಸದ ಅಧಿಕೃತ ಘಟಕವೊಂದು ಆರಂಭವಾಗಿತ್ತು. ದಾರಿ ನಮಗೆ ಅಪರಿಚಿತವಲ್ಲ.

ನಮ್ಮ ಪಾಲಿನ ಕೆಲಸ

ದೊಡ್ಡ ಮಾತುಗಳ ಕೊನೆಯಲ್ಲಿ ‘ನಾನೇನು ಮಾಡಲಿ?’ ಎಂದು ಕೇಳುವುದು ಸಹಜ.

ಮೊದಲನೆಯದಾಗಿ, ಇರುವ ವಸ್ತುವನ್ನು ಆದಷ್ಟು ಹೆಚ್ಚು ಕಾಲ ಬಳಸಿ, ರಿಪೇರಿ ಮಾಡಿಸಿ. ನೆರೆಮನೆಯವರು ಬದಲಾಯಿಸಿದರೆಂದು ನಡೆಯುತ್ತಿರುವ ಯಂತ್ರವನ್ನು ಮೂಲೆಗೆ ಹಾಕುವುದು ದುಂದುಗಾರಿಕೆಯೇ. ಎರಡನೆಯದಾಗಿ, ಹಳೆಯ ಉಪಕರಣವನ್ನು ಮನೆಯಲ್ಲಿ ಒಡೆಯಬೇಡಿ, ತಂತಿಯನ್ನು ಅಂಗಳದಲ್ಲಿ ಸುಡಬೇಡಿ, ಬ್ಯಾಟರಿಯನ್ನು ಕಸದ ಡಬ್ಬಿಗೆ ಹಾಕಬೇಡಿ. ಮೂರನೆಯದಾಗಿ, ನೋಂದಾಯಿತ ಸಂಗ್ರಾಹಕರಿಗೆ ಅಥವಾ ಹಳೆಯದನ್ನು ಹಿಂದಕ್ಕೆ ಪಡೆಯುವ ಕಂಪೆನಿಗೆ ಒಪ್ಪಿಸಿ. ಅಲ್ಲಿ ಗುಜರಿಗಿಂತ ಹತ್ತು ರೂಪಾಯಿ ಕಡಿಮೆ ಸಿಗಬಹುದು. ಆ ಹತ್ತು ರೂಪಾಯಿ ಯಾರ ಉಸಿರಿನ ಬೆಲೆಯೆಂದು ಈಗ ನಿಮಗೆ ಗೊತ್ತಿದೆ. ಮೊಹಲ್ಲಾದಲ್ಲಿ ಹತ್ತು ಮನೆಗಳು ಸೇರಿ ವರ್ಷಕ್ಕೊಮ್ಮೆ ಒಟ್ಟಿಗೆ ಕಳುಹಿಸಿದರೆ ಸಾಗಣೆಯ ಕಷ್ಟವೂ ಇರುವುದಿಲ್ಲ.

ಇನ್ನು ಈ ಪತ್ರಿಕೆ ಓದುವವರಲ್ಲಿ ಗುಜರಿ ವ್ಯಾಪಾರಿಗಳೂ ಪ್ಲಾಸ್ಟಿಕ್ ಪುಡಿ ಮಾರುವವರೂ ಇರಬಹುದು. ಅವರಿಗೆ ಒಂದು ಮಾತು. ಕಪ್ಪು ಕವಚದ ಪುಡಿಯನ್ನು ಆಟಿಕೆ, ಪಾತ್ರೆ ಮಾಡುವವರಿಗೆ ಕೊಡಬೇಡಿ. ಯಾವುದರಿಂದ ಬಂದುದೆಂದು ಚೀಲದ ಮೇಲೆ ಬರೆಯಿರಿ. ಬೆಲೆ ಕಡಿಮೆಯಾಗಬಹುದು. ಆದರೆ ಒದ್ದೆಯನ್ನು ಮೇಲಿಟ್ಟು ಮಾರಿದ ಹಣವನ್ನು ಮನೆಗೆ ಒಯ್ಯುವಾಗ ಕೈ ನಡುಗುವುದಿಲ್ಲ.

ಈ ಲೇಖನ ಓದಿ ಮುಗಿಸಿದ ಮೇಲೆ ಅಟ್ಟದ ಮೇಲಿನ ಆ ಟೇಪ್ ರೆಕಾರ್ಡರನ್ನು ಕೆಳಗಿಳಿಸಿ ನೋಡಿ. ಅದು ಸಂತೋಷದ ದಿನವೊಂದರಲ್ಲಿ ಮನೆಗೆ ಬಂದಿತ್ತು, ಎಷ್ಟೋ ವರ್ಷ ಸೇವೆ ಮಾಡಿತು. ಅದನ್ನು ಯಾರ ಕೈಗೆ ಕೊಡುತ್ತೀರಿ, ಆತನು ಅದನ್ನು ಎಲ್ಲಿಗೆ ಒಯ್ಯುತ್ತಾನೆ, ಅಲ್ಲಿ ಅದನ್ನು ಒಡೆಯುವವನ ಪಕ್ಕದಲ್ಲಿ ಆತನ ಮಗುವೂ ಕುಳಿತಿರುತ್ತದೆಯೇ - ಗುಜರಿಯವನನ್ನು ಕರೆಯುವ ಮೊದಲು ಇದನ್ನು ಒಮ್ಮೆ ಕೇಳಿಕೊಳ್ಳಿ. ನಾಳೆ ನಮ್ಮನ್ನು ಕೇಳಲಾಗುವ ಪ್ರಶ್ನೆಗಳಲ್ಲಿ ಇದೂ ಒಂದಾಗಿರಬಹುದು.